ಸೌದೆ ಸೀಳುವ ಮಿಷನ್: ಕೊಡಗಿನ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಚ್ ಬಂತೆಂದರೆ ನನಗೆ ಒಂದೇ ಥರದ ಫೋನುಗಳು. "ನಿಮ್ಮಲ್ಲಿ ಸೌದೆ ಮಿಷನ್ ಇದೆಯಂತಲ್ಲ, ಹೇಗಿದೆ?" ರೋಬಸ್ಟಾ ಕೊಯ್ಲು ಮುಗಿದಿರುತ್ತದೆ. ಮರಗಸಿಯವರು, ಅಂದರೆ ತೋಟದ ನೆರಳು ಮರ ಸವರುವವರು, ಕಡಿದು ಹಾಕಿದ ದಿಮ್ಮಿಗಳು ತೋಟದ ತುಂಬ ಬಿದ್ದಿರುತ್ತವೆ. ಒಡೆಯುವವರು ಮಾತ್ರ ಸಿಗುವುದಿಲ್ಲ. ಮುಂದೆ ಮಳೆಗಾಲ ಕಾಯುತ್ತಿರುತ್ತದೆ. ಆಗ ಎಲ್ಲರಿಗೂ ಮಿಷನ್ ನೆನಪಾಗುತ್ತದೆ.

ನಾನು ಮಿಷನ್ ಮಾರುವವನಲ್ಲ. ನಾಪೋಕ್ಲು ಕಡೆ ಸಣ್ಣ ತೋಟ, ಹಳೇ ಹೆಂಚಿನ ಮನೆ, ಬಚ್ಚಲಲ್ಲಿ ತಾಮ್ರದ ಹಂಡೆ. ಇಲ್ಲಿಯವರೆಗೆ ಎರಡು ಮಿಷನ್ ತಗೊಂಡಿದ್ದೇನೆ. ಮೊದಲನೆಯದು ಆತುರಕ್ಕೆ ಬಿದ್ದು ತಗೊಂಡಿದ್ದು, ಅದರ ಕಥೆ ಕೆಳಗೆ ಬರುತ್ತದೆ. ಫೋನಿನಲ್ಲಿ ಮತ್ತೆ ಮತ್ತೆ ಹೇಳಿ ಸಾಕಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಈ ಮಿಷನ್ ಮರವನ್ನು ತುಂಡು ಮಾಡುತ್ತದಾ?

ಇಲ್ಲ. ಅಡ್ಡಕ್ಕೆ ಕೊಯ್ದು ತುಂಡು ಮಾಡುವುದು ಪವರ್ ಸಾ ಕೆಲಸ. ಆ ತುಂಡನ್ನು ಉದ್ದಕ್ಕೆ ಸೀಳುವುದಷ್ಟೇ ಈ ಮಿಷನ್, ಅಂದರೆ ಸ್ಪ್ಲಿಟರ್, ಮಾಡುವ ಕೆಲಸ. ಪವರ್ ಸಾ ಇಲ್ಲದೆ ಬರೀ ಸ್ಪ್ಲಿಟರ್ ತಂದರೆ ಒಲೆ ಇಲ್ಲದೆ ಪಾತ್ರೆ ತಂದ ಹಾಗೆ. ಇದನ್ನು ಮೊದಲೇ ಹೇಳಲು ಕಾರಣ ಇದೆ. ಮನೆಗೆ ಪೆಟ್ಟಿಗೆ ಬಂದು, ಬಿಚ್ಚಿ ನೋಡಿ, "ಇದರಲ್ಲಿ ಬ್ಲೇಡೇ ಇಲ್ಲವಲ್ಲ" ಎಂದು ನನಗೆ ಫೋನ್ ಮಾಡಿದವರು ಇಬ್ಬರು.

ನಮ್ಮ ಮನೆಗೆ ಮಿಷನ್ ಬೇಕೇ ಬೇಕಾ?

ಮೊದಲು ಸೌದೆ ಕೊಟ್ಟಿಗೆಗೆ ಹೋಗಿ ನೋಡಿ. ಬೆಂಕಿಗೆ ಹೋಗುವ ಸೌದೆಯಲ್ಲಿ ನಿಜವಾಗಿ ಸೀಳಬೇಕಾದದ್ದು ಎಷ್ಟಿದೆ? ಕಪಾತು ಮಾಡಿದ (ಸವರಿದ) ಕಾಫಿ ಗಿಡದ ರೆಂಬೆ, ಕಿತ್ತ ಹಳೇ ಗಿಡದ ಕಾಂಡ, ಗ್ಲಿರಿಸಿಡಿಯಾ ಕೊಂಬೆ, ಇವನ್ನೆಲ್ಲ ಕತ್ತಿಯಲ್ಲಿ ಕಡಿದು ಹಾಗೇ ಒಲೆಗೆ ಇಡಬಹುದು. ಕೈ ಮಣಿಕಟ್ಟಿಗಿಂತ ದಪ್ಪ ಇಲ್ಲದ್ದನ್ನು ಯಾರೂ ಸೀಳುವುದಿಲ್ಲ. ಕಾಲಿನ ಮೀನಖಂಡಕ್ಕಿಂತ ದಪ್ಪ ಇರುವುದನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳಿ.

ನಮ್ಮ ಮನೆಯಲ್ಲಿ ಆರು ಜನ. ಬಿಸಿನೀರು ಪೂರ್ತಿ ಸೌದೆಯಲ್ಲೇ, ಅಡುಗೆ ಮುಕ್ಕಾಲು ಪಾಲು ಗ್ಯಾಸಿನಲ್ಲಿ. ವರ್ಷಕ್ಕೆ ಎರಡು ಪಿಕಪ್ ಲೋಡಿನಷ್ಟು ಸೀಳಬೇಕಾದ ಸೌದೆ ಬೇಕಾಗುತ್ತದೆ. ಒಂದು ಲೋಡಿನೊಳಗೆ ಮುಗಿಯುವ ಮನೆಯಾದರೆ ಮಿಷನ್ ಬೇಡ, ಒಳ್ಳೆಯ ಸೀಳುಗೊಡಲಿ ಸಾಕು. ಐದಾರು ಲೋಡು ಬೇಕಾಗುವ ಮನೆಗೆ, ಅಂದರೆ ತೋಟದ ಕೆಲಸಗಾರರ ಲೈನ್ ಮನೆಗಳಿಗೂ ನೀವೇ ಸೌದೆ ಕೊಡುವುದಾದರೆ, ಮಿಷನ್ ಕಣ್ಣು ಮುಚ್ಚಿ ತಗೊಳ್ಳಬಹುದು. ನಡುವೆ ಇರುವವರು ಮುಂದೆ ಓದಿ.

ಸೀಳುಗೊಡಲಿ ಅಂದರೆ ನಮ್ಮ ಮಾಮೂಲಿ ಕೊಡಲಿ ಅಲ್ವಾ?

ಅಲ್ಲ. ಮಾಮೂಲಿ ಕೊಡಲಿಯ ಬಾಯಿ ತೆಳು, ಅದು ಮರ ಕಡಿಯಲು. ದಪ್ಪ ತುಂಡಿಗೆ ಹೊಡೆದರೆ ಕಚ್ಚಿಕೊಂಡು ಕೂರುತ್ತದೆ, ಕೀಳಲು ಹೋಗಿ ಕಾವು ಮುರಿಯುತ್ತದೆ. ಸೀಳುಗೊಡಲಿ ಬೆಣೆಯ ಹಾಗೆ ದಪ್ಪ, ತಲೆಯೇ ಎರಡೂವರೆಯಿಂದ ಮೂರೂವರೆ ಕೆಜಿ ಇರುತ್ತದೆ. ಬಾಯಿ ಬಹಳ ಹರಿತ ಇರಬೇಕಾಗಿಲ್ಲ. ಭಾರ ಮತ್ತು ಅಗಲವೇ ಕೆಲಸ ಮಾಡುವುದು.

ನೇರ ನಾರಿನ ಸಿಲ್ವರ್ ಓಕ್ ತುಂಡಾದರೆ ಒಂದೇ ಏಟು. ದೊಡ್ಡ ತುಂಡಾದರೆ ನಡುವಿಗೆ ಹೊಡೆಯಬೇಡಿ. ಅಂಚಿನಿಂದ ಒಂದೊಂದೇ ಪಕ್ಕೆ ಎಬ್ಬಿಸುತ್ತಾ ಸುತ್ತ ಬನ್ನಿ. ತುಂಡಿನ ತಲೆಯಲ್ಲಿ ಮೊದಲೇ ಬಿರುಕು ಬಿಟ್ಟಿದ್ದರೆ ಆ ಗೆರೆಯ ಮೇಲೇ ಹೊಡೆಯಿರಿ. ಕಿವಿಯೂ ಹೇಳುತ್ತದೆ. ಏಟು ಬಿದ್ದಾಗ "ಟಣ್" ಅಂದರೆ ತುಂಡು ಇನ್ನೂ ಗಟ್ಟಿ ಇದೆ ಅಂತ. ಸದ್ದು "ಧಪ್" ಅಂತ ಒಡಕಾದರೆ ಒಳಗೆ ಬಿಟ್ಟುಕೊಂಡಿದೆ, ಇನ್ನೊಂದು ಏಟಿಗೆ ಎರಡಾಗುತ್ತದೆ. ಕೆಳಗೆ ಒಂದು ಅಗಲದ ಮರದ ಬೊಡ್ಡೆ ಇಟ್ಟು ಅದರ ಮೇಲೆ ಹಳೇ ಜೀಪ್ ಟಯರ್ ಹಾಕಿ, ತುಂಡನ್ನು ಟಯರಿನೊಳಗೆ ನಿಲ್ಲಿಸಿ. ಸೀಳುಗಳು ಹಾರುವುದಿಲ್ಲ, ಬಗ್ಗಿ ಬಗ್ಗಿ ಎತ್ತಿಡುವ ಕೆಲಸವೂ ಇಲ್ಲ.

ಬೆಂಕಿ ಹೊತ್ತಿಸುವ ಕಡ್ಡಿ ಸೌದೆ ಮಾಡಲು ಏನಿದೆ?

ಕಬ್ಬಿಣದ ಬಳೆಯಂಥ ಚೌಕಟ್ಟು, ಅದರೊಳಗೆ ಬಾಯಿ ಮೇಲೆ ಮಾಡಿ ಕೂರಿಸಿದ ಬೆಣೆ. ತುಂಡನ್ನು ಅದರ ಮೇಲೆ ನಿಲ್ಲಿಸಿ ಸುತ್ತಿಗೆಯಲ್ಲಿ ಹೊಡೆದರೆ ಆಯಿತು. ಹರಿತದ ಭಾಗ ಅಲ್ಲಾಡುವುದೇ ಇಲ್ಲ, ಹಾಗಾಗಿ ಬೆರಳಿಗೆ ಭಯ ಕಡಿಮೆ. ಇದನ್ನು ಮಾಡಿದ್ದು ನ್ಯೂಜಿಲೆಂಡಿನ ಒಬ್ಬ ಶಾಲಾ ಹುಡುಗಿ, ಅಮ್ಮ ಸೌದೆ ಒಡೆಯುವಾಗ ಕೈಗೆ ಏಟು ಮಾಡಿಕೊಂಡಿದ್ದನ್ನು ನೋಡಿ. ನಮ್ಮ ಊರಿನ ವೆಲ್ಡಿಂಗ್ ಅಂಗಡಿಯಲ್ಲೂ ಇಂಥದ್ದನ್ನು ಮಾಡಿಸಬಹುದು. ಬೆಣೆಗೆ ಹಳೇ ಲಾರಿಯ ಸ್ಪ್ರಿಂಗ್ ಪ್ಲೇಟ್ ಹಾಕಿಸಿ.

ಮಿಷನ್‌ಗಳಲ್ಲಿ ಎಷ್ಟು ಬಗೆ?

ಕೈಯಲ್ಲಿ ಅಥವಾ ಕಾಲಲ್ಲಿ ಪಂಪ್ ಮಾಡುವ ಹೈಡ್ರಾಲಿಕ್, ಅಂದರೆ ಸಿಲಿಂಡರಿನೊಳಗಿನ ಎಣ್ಣೆಯ ಒತ್ತಡದಲ್ಲಿ ಸೀಳುವುದು, ಒಂದು. ಲಾರಿ ಜಾಕ್‌ನ ಅಣ್ಣ ಅಂದುಕೊಳ್ಳಿ. ಶಕ್ತಿ ಇದೆ, ವೇಗ ಇಲ್ಲ. ಒಂದು ತುಂಡಿಗೆ ಇಪ್ಪತ್ತು ಮೂವತ್ತು ಸಲ ತುಳಿಯುತ್ತಾ ನಿಂತರೆ ಹೊಟ್ಟೆಗೆ ಒಳ್ಳೆಯದು, ಸೌದೆಗೆ ಅಷ್ಟಕ್ಕಷ್ಟೆ.

ಎರಡನೆಯದು ಕರೆಂಟಿನ ಹೈಡ್ರಾಲಿಕ್. ಅಡ್ಡ ಮಲಗಿರುವ ಮಾದರಿಯಲ್ಲಿ ಸಾಮಾನ್ಯವಾಗಿ 4ರಿಂದ 7 ಟನ್, ಸುಮಾರು 50 ಸೆಂ.ಮೀ. ಉದ್ದ ಮತ್ತು 25 ಸೆಂ.ಮೀ. ದಪ್ಪದ ತುಂಡಿನವರೆಗೆ ಹಿಡಿಯುತ್ತದೆ. ನೆಟ್ಟಗೆ ನಿಂತಿರುವ ಮಾದರಿಯಲ್ಲಿ 8ರಿಂದ 10 ಟನ್. ಮೂರನೆಯದು ಪೆಟ್ರೋಲ್ ಇಂಜಿನ್ ಇರುವುದು, 20 ಟನ್‌ಗೂ ಮೇಲೆ ಹೋಗುತ್ತದೆ. ಟ್ರ್ಯಾಕ್ಟರಿಗೆ ಹೊಂದಿಸುವುದು ಇನ್ನೊಂದು. ಭಾರದ ಚಕ್ರ ತಿರುಗಿಸಿ ಆ ಓಟದಲ್ಲೇ ಬೆಣೆಯನ್ನು ನುಗ್ಗಿಸುವ ಮಾದರಿಯೂ ಇದೆ. ಒಂದೆರಡು ಸೆಕೆಂಡಿಗೆ ತುಂಡು ಎರಡಾಗುತ್ತದೆ, ಆದರೆ ಆ ವೇಗದಲ್ಲಿ ಕೈ ಎಲ್ಲಿದೆ ಅಂತ ನೋಡಿಕೊಳ್ಳಲು ಸಮಯ ಸಿಗುವುದಿಲ್ಲ. ಕೊನೆಯದು ಸ್ಕ್ರೂ ಮಿಷನ್. ಅದಕ್ಕೆ ಬೇರೆ ಉತ್ತರವೇ ಇದೆ.

ಎಷ್ಟು ಟನ್ ಬೇಕು? ಒಬ್ಬರು 5 ಅಂತಾರೆ, ಒಬ್ಬರು 30 ಅಂತಾರೆ.

ಜಾಸ್ತಿ ಜನ ಮೋಸ ಹೋಗುವುದು ಇಲ್ಲೇ. ಟನ್ ಅಂದರೆ ಬೆಣೆ ತುಂಡನ್ನು ಒತ್ತುವ ಬಲ. ಅದು ಎರಡರಿಂದ ಬರುತ್ತದೆ: ಸಿಲಿಂಡರಿನ ಒಳಗಿನ ಅಗಲ, ಮತ್ತು ಎಣ್ಣೆಯ ಒತ್ತಡ. ಲೆಕ್ಕ ಸುಲಭ. ಒಳವ್ಯಾಸದ ಅರ್ಧವನ್ನು ಅದರಿಂದಲೇ ಗುಣಿಸಿ, ಮತ್ತೆ 3.14ರಿಂದ ಗುಣಿಸಿ, ಕೊನೆಗೆ ಒತ್ತಡದಿಂದ ಗುಣಿಸಿ.

ಉದಾಹರಣೆಗೆ ಸಿಲಿಂಡರ್ ಒಳಗೆ 10 ಸೆಂ.ಮೀ. ಅಗಲ ಇದೆ ಅನ್ನಿ. ವಿಸ್ತೀರ್ಣ 78.5 ಚದರ ಸೆಂ.ಮೀ. ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 200 ಕೆಜಿ ಇದ್ದರೆ ಬಲ 15,700 ಕೆಜಿ, ಅಂದರೆ ಸುಮಾರು ಹದಿನೈದೂವರೆ ಟನ್. ಅದೇ ಒತ್ತಡದಲ್ಲಿ 5 ಸೆಂ.ಮೀ. ಸಿಲಿಂಡರ್ ಕೊಡುವುದು ನಾಲ್ಕು ಟನ್ ಕೂಡ ಇಲ್ಲ. ಅಗಲ ಅರ್ಧ ಆದರೆ ಬಲ ಕಾಲು ಭಾಗ ಆಗುತ್ತದೆ. ಅಂಗಡಿಯವರು 5 ಸೆಂ.ಮೀ. ಸಿಲಿಂಡರ್ ತೋರಿಸಿ "ಹತ್ತು ಟನ್ ಸಾರ್" ಅಂದರೆ ಫೋನ್ ತೆಗೆದು ಅಲ್ಲೇ ಗುಣಿಸಿ ತೋರಿಸಿ.

ಬರೀ ಟನ್ ಜಾಸ್ತಿ ಇದ್ದರೆ ಸಾಲದು, ಬೆಣೆ ಎಷ್ಟು ಬೇಗ ಹೋಗಿ ಬರುತ್ತದೆ ಅಂತಲೂ ನೋಡಬೇಕು. ಆ 10 ಸೆಂ.ಮೀ. ಸಿಲಿಂಡರಿನ ಕೋಲು 60 ಸೆಂ.ಮೀ. ಮುಂದೆ ಹೋಗಲು ಸುಮಾರು 4.7 ಲೀಟರ್ ಎಣ್ಣೆ ತುಂಬಬೇಕು. ಪಂಪ್ ನಿಮಿಷಕ್ಕೆ 40 ಲೀಟರ್ ಕೊಟ್ಟರೆ 7 ಸೆಕೆಂಡ್, 4 ಲೀಟರ್ ಕೊಟ್ಟರೆ 70 ಸೆಕೆಂಡ್. ದೊಡ್ಡ ಸಿಲಿಂಡರಿಗೆ ಸಣ್ಣ ಪಂಪ್ ಹಾಕಿದ ಮಿಷನ್ ಎದುರು ನಿಂತು ನೋಡಿ, ಆ ಹೊತ್ತಿಗೆ ಎರಡು ಕಾಫಿ ಕುಡಿಯಬಹುದು. ಒಳ್ಳೆಯ ಮಿಷನ್‌ನಲ್ಲಿ ಎರಡು ಹಂತದ ಪಂಪ್ ಇರುತ್ತದೆ. ತುಂಡು ಮುಟ್ಟುವ ತನಕ ಬೇಗ ಓಡುತ್ತದೆ, ಮರ ಎದುರು ನಿಂತಾಗ ನಿಧಾನ ಆಗಿ ಬಲ ಹಾಕುತ್ತದೆ. "ಟೂ ಸ್ಟೇಜ್ ಪಂಪಾ?" ಅಂತ ಕೇಳಿ. ಈ ಪ್ರಶ್ನೆಗೆ ತಡವರಿಸುವ ಅಂಗಡಿಯಿಂದ ಹೊರಗೆ ಬನ್ನಿ.

ಈಗ ನಮ್ಮ ಅಗತ್ಯ. ಹತ್ತಿಂಚು ದಪ್ಪದ ಸಿಲ್ವರ್ ಓಕ್‌ಗೆ 5 ಟನ್ ಧಾರಾಳ. ಗಂಟುಗಂಟಿನ ಹಲಸು, ಅಕೇಶಿಯಾ, ಹದಿನೈದು ಇಂಚಿನ ತುಂಡು ಅಂದರೆ 10 ಟನ್ ಬೇಕು. ಅದಕ್ಕೂ ದಪ್ಪದ ತುಂಡು ವರ್ಷಕ್ಕೆ ಹತ್ತು ಸಿಗುತ್ತದೆ ಅಂತ 25 ಟನ್ ಮಿಷನ್ ತರಬೇಡಿ. ಆ ಹತ್ತಕ್ಕೆ ಬೆಣೆ ಮತ್ತು ದೊಡ್ಡ ಸುತ್ತಿಗೆ ಇದೆ, ಇಲ್ಲವೇ ಪವರ್ ಸಾದಲ್ಲೇ ಎರಡು ಹೋಳು ಮಾಡಿ ಮಿಷನ್‌ಗೆ ಕೊಡಿ.

ನಮ್ಮ ಕರೆಂಟಿಗೆ ಆ ಮಿಷನ್ ಓಡುತ್ತದಾ? ಸಂಜೆ ಬಲ್ಬೇ ಮಿಣಮಿಣ ಅನ್ನುತ್ತದೆ.

ಪಟ್ಟಣದೊಳಗೆ ಇರುವವರಿಗೆ ತೊಂದರೆ ಇಲ್ಲ. ಟ್ರಾನ್ಸ್‌ಫಾರ್ಮರಿನಿಂದ ದೂರ, ಲೈನಿನ ಕೊನೇ ಮನೆ ಆದರೆ ಯೋಚಿಸಿ. 2 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್ ಓಡುವಾಗ ಸುಮಾರು 10 ಆಂಪಿಯರ್ ಎಳೆಯುತ್ತದೆ. ಸ್ಟಾರ್ಟ್ ಆಗುವ ಕ್ಷಣಕ್ಕೆ ಅದರ ನಾಲ್ಕೈದು ಪಟ್ಟು. ವೋಲ್ಟೇಜ್ ಕಡಿಮೆ ಇದ್ದರೆ ಮೋಟಾರ್ ಗುಂಯ್ ಅಂತ ನಿಂತು ಬಿಸಿಯಾಗಿ ಸುಟ್ಟೇ ಹೋಗುತ್ತದೆ.

ಮಿಷನ್ ಹಾಳು ಮಾಡುವುದರಲ್ಲಿ ವೈರಿನದೂ ದೊಡ್ಡ ಕೈವಾಡ ಇದೆ. ಟೇಬಲ್ ಫ್ಯಾನಿಗೆ ಹಾಕುವಂಥ 1 ಚದರ ಮಿ.ಮೀ. ವೈರನ್ನು ಕೊಟ್ಟಿಗೆ ತನಕ 30 ಮೀಟರ್ ಎಳೆದರೆ, ಸ್ಟಾರ್ಟ್ ಆಗುವಾಗ 40 ವೋಲ್ಟಿನಷ್ಟು ದಾರಿಯಲ್ಲೇ ಕಳೆದುಹೋಗುತ್ತದೆ. 2.5 ಚದರ ಮಿ.ಮೀ. ವೈರ್ ಹಾಕಿದರೆ ನಷ್ಟ ಅದರ ಅರ್ಧವೂ ಇಲ್ಲ. 16 ಆಂಪಿಯರ್ ಪ್ಲಗ್, ಸರಿಯಾದ ಅರ್ಥಿಂಗ್, ವೈರನ್ನು ಸುರುಳಿಯಿಂದ ಪೂರ್ತಿ ಬಿಚ್ಚಿ ಹಾಕುವುದು, ಇಷ್ಟು ಇದ್ದರೆ ನಡೆಯುತ್ತದೆ. ಬೆಳಗ್ಗೆ ಹತ್ತರಿಂದ ಮೂರರ ನಡುವೆ ಕೆಲಸ ಮಾಡಿ, ಆಗ ವೋಲ್ಟೇಜ್ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಕರೆಂಟ್ ಖರ್ಚು ಗಂಟೆಗೆ ಎರಡು ಯೂನಿಟ್ ಒಳಗೆ. ಅದನ್ನು ಲೆಕ್ಕಕ್ಕೇ ತಗೊಳ್ಳಬೇಡಿ.

ಸ್ಪ್ರಿಂಕ್ಲರಿಗೆ ತ್ರೀ ಫೇಸ್ ಇರುವ ತೋಟದವರಿಗೆ ಅದೃಷ್ಟ. ತ್ರೀ ಫೇಸ್ ಮೋಟಾರ್ ಸ್ಟಾರ್ಟ್ ಆಗಲು ಇಷ್ಟು ಒದ್ದಾಡುವುದಿಲ್ಲ. ಆದರೆ ಪಂಪ್‌ಸೆಟ್ ಕನೆಕ್ಷನ್‌ನಿಂದ ಬೇರೆ ಕೆಲಸಕ್ಕೆ ಕರೆಂಟ್ ತಗೊಳ್ಳುವ ಮುಂಚೆ ವಿದ್ಯುತ್ ಕಚೇರಿಯಲ್ಲಿ ಕೇಳಿಕೊಳ್ಳಿ.

ಹಾಗಾದರೆ ಪೆಟ್ರೋಲೇ ಒಳ್ಳೆಯದಲ್ವಾ? ತೋಟದ ಒಳಗೇ ಒಯ್ಯಬಹುದು.

ಒಯ್ಯಬಹುದು, ದಾರಿ ಇದ್ದರೆ. 20 ಟನ್ ಪೆಟ್ರೋಲ್ ಮಿಷನ್ 200 ಕೆಜಿಗೂ ಮೇಲೆ ತೂಗುತ್ತದೆ. ನಮ್ಮ ಇಳಿಜಾರಿನಲ್ಲಿ, ಕಾಫಿ ಸಾಲಿನ ನಡುವೆ ಅದನ್ನು ಎಳೆಯುವುದು ಸುಲಭ ಇಲ್ಲ. ಕೆಳಗೆ ಇಳಿಸುವುದು ಸುಲಭ, ಮೇಲೆ ತರುವಾಗ ಗೊತ್ತಾಗುತ್ತದೆ. ಪಿಕಪ್ ಹೋಗುವ ಕಡೆ ಮಾತ್ರ ಇದು ಲಾಯಕ್ಕು.

ಇನ್ನೊಂದು ಸಣ್ಣ ವಿಷಯ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಇಂಜಿನ್ ಶಕ್ತಿ ಇಳಿಯುತ್ತದೆ, 100 ಮೀಟರಿಗೆ ಹೆಚ್ಚುಕಡಿಮೆ ನೂರಕ್ಕೆ ಒಂದರಂತೆ. ಮಡಿಕೇರಿ 1,100 ಮೀಟರಿಗೂ ಮೇಲಿದೆ. ಅಲ್ಲಿ 7 ಎಚ್‌ಪಿ ಇಂಜಿನ್ ಕೊಡುವುದು ಆರು ಚಿಲ್ಲರೆ. ಕುಶಾಲನಗರದಲ್ಲಿ ಡೆಮೊ ನೋಡಿ ಮಕ್ಕಂದೂರಿಗೆ ಒಯ್ದರೆ ಸ್ವಲ್ಪ ಸೋಮಾರಿ ಅನ್ನಿಸಬಹುದು. ಮುಚ್ಚಿದ ಕೊಟ್ಟಿಗೆಯೊಳಗೆ ಮಾತ್ರ ಪೆಟ್ರೋಲ್ ಮಿಷನ್ ಓಡಿಸಬೇಡಿ, ಹೊಗೆಯಲ್ಲಿ ಉಸಿರು ನಿಲ್ಲಿಸುವ ವಿಷಗಾಳಿ ಇರುತ್ತದೆ.

ಸ್ಕ್ರೂ ಮಿಷನ್ ಎಲ್ಲಕ್ಕಿಂತ ಅಗ್ಗ. ಅದನ್ನೇ ತಗೊಂಡರೆ?

ನಾನು ಮೊದಲು ತಗೊಂಡದ್ದು ಅದನ್ನೇ. ಮೋಟಾರ್, ಬೆಲ್ಟ್, ತುದಿಯಲ್ಲಿ ಐಸ್ ಕ್ರೀಂ ಕೋನಿನ ಹಾಗೆ ಚೂಪಾದ, ಸ್ಕ್ರೂವಿನಂತೆ ತಿರುಪಿನ ಗೆರೆ ಇರುವ ಕಬ್ಬಿಣ. ಅದು ಸುತ್ತುತ್ತಲೇ ಇರುತ್ತದೆ. ನೀವು ತುಂಡನ್ನು ಕೈಯಲ್ಲಿ ಹಿಡಿದು ಅದಕ್ಕೆ ಒತ್ತಬೇಕು. ಕೋನು ಮರದೊಳಗೆ ಕೊರೆದುಕೊಂಡು ಹೋಗಿ ಸೀಳುತ್ತದೆ. ನೋಡಲು ಭಾರೀ ಚೆಂದ. ವಿಡಿಯೋದಲ್ಲಿ ಇನ್ನೂ ಚೆಂದ.

ಮೊದಲ ವಾರ ಎಲ್ಲ ಸರಿ ಇತ್ತು. ಎರಡನೇ ವಾರ ಒಂದು ಅಕೇಶಿಯಾ ತುಂಡು ಬಂತು, ಒಳಗೆ ತಿರುಚಿದ ನಾರು. ಕೋನು ಅರ್ಧ ಹೋಯಿತು, ತುಂಡು ಸೀಳಲಿಲ್ಲ. ಸೀಳದಿದ್ದರೆ ಏನಾಗುತ್ತದೆ? ತುಂಡೇ ಕೋನಿನ ಜೊತೆ ತಿರುಗಲು ಶುರು ಮಾಡುತ್ತದೆ. ಹದಿನೈದು ಕೆಜಿ ಮರ ಗಿರ್ರನೆ ತಿರುಗಿ ಕೆಳಗಿನ ತಡೆಗೆ ಬಡಿದು, ತಡೆ ಬಗ್ಗಿ, ಬೆಲ್ಟ್ ಹಾರಿತು. ಎದುರು ನಿಂತಿದ್ದವನು ನಾನೇ. ಮೊಣಕಾಲ ಚಿಪ್ಪಿಗೆ ತಾಗಿ ಮೂರು ವಾರ ಕುಂಟಿದೆ. ಅವತ್ತು ಪಂಚೆ ಉಟ್ಟಿರಲಿಲ್ಲ, ಅದೇ ಪುಣ್ಯ. ಪಂಚೆ, ಸೆರಗು, ವೇಲು, ಮಫ್ಲರ್, ತೋಳು ಉದ್ದದ ಸ್ವೆಟರ್, ಯಾವುದರ ಒಂದು ನೂಲು ಸಿಕ್ಕಿದರೂ ಅದು ಸುತ್ತಿಕೊಳ್ಳುತ್ತದೆ. ಕೈಗವಸು ಹಾಕಿದರೆ ಇನ್ನೂ ಕೆಟ್ಟದ್ದು, ಗವಸಿನ ಜೊತೆ ಬೆರಳೂ ಹೋಗುತ್ತದೆ. ಹೈಡ್ರಾಲಿಕ್‌ನಲ್ಲಿ ಲಿವರ್ ಬಿಟ್ಟರೆ ಬೆಣೆ ನಿಲ್ಲುತ್ತದೆ. ಇದರಲ್ಲಿ ಸ್ವಿಚ್ ಆಫ್ ಮಾಡಿದ ಮೇಲೂ ಚಕ್ರ ಸುತ್ತುತ್ತಿರುತ್ತದೆ.

ಅದನ್ನು ಯಾರಿಗೂ ಮಾರಲು ಮನಸ್ಸಾಗಲಿಲ್ಲ. ಕೋನು ಕಳಚಿ ಗುಜರಿಗೆ ಹಾಕಿದೆ. ಮೋಟಾರ್ ಈಗ ಬಾವಿಯ ಹತ್ತಿರ ನೀರು ಎತ್ತುತ್ತಿದೆ.

ಇದೇ ಜಾತಿಯ ಇನ್ನೊಂದಿದೆ. ಚಕ್ರ ತಿರುಗಿದಂತೆ ಕೊಡಲಿ ಬಾಯಿ ತಾನೇ ತಾನಾಗಿ ಮೇಲೆ ಕೆಳಗೆ ಬಡಿಯುತ್ತಿರುತ್ತದೆ, ನೀವು ಅದರ ಕೆಳಗೆ ತುಂಡು ಇಡುತ್ತಾ ಹೋಗಬೇಕು. ಅದಕ್ಕೂ ಇದೇ ಉತ್ತರ.

ಟ್ರ್ಯಾಕ್ಟರಿಗೆ ಅಥವಾ ಟಿಲ್ಲರಿಗೆ ಜೋಡಿಸಬಹುದಾ?

ಟ್ರ್ಯಾಕ್ಟರಿಗೆ ಆಗುತ್ತದೆ. ಇಂಜಿನ್ ಶಕ್ತಿಯನ್ನು ಬೇರೆ ಯಂತ್ರಕ್ಕೆ ಕೊಡುವ ಹಿಂದಿನ ಪಿಟಿಒ ಶಾಫ್ಟಿಗೆ ಪಂಪ್ ಕೂರಿಸುವುದು ಅಥವಾ ಟ್ರ್ಯಾಕ್ಟರಿನದ್ದೇ ಹೈಡ್ರಾಲಿಕ್ ಎಣ್ಣೆ ಬಳಸುವುದು, ಎರಡು ದಾರಿ. ಪೊನ್ನಂಪೇಟೆ, ಗೋಣಿಕೊಪ್ಪ ಕಡೆ ಗದ್ದೆಗೆ ಹೇಗೂ ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆ ಇದು ಒಳ್ಳೆಯ ಆಯ್ಕೆ, ಇನ್ನೊಂದು ಇಂಜಿನ್ ಸಾಕುವ ಗೋಜಿಲ್ಲ. ಟಿಲ್ಲರಿಗೆ ಬೆಲ್ಟ್ ಹಾಕಿ ಸ್ಕ್ರೂ ತಿರುಗಿಸುವವರನ್ನು ನೋಡಿದ್ದೇನೆ. ಮೇಲಿನ ಉತ್ತರ ಮತ್ತೊಮ್ಮೆ ಓದಿ.

ನಮ್ಮ ಮರಗಳಲ್ಲಿ ಯಾವುದು ಸುಲಭ, ಯಾವುದು ಕಷ್ಟ?

ಸಿಲ್ವರ್ ಓಕ್ ಸಾಧು. ಹಸಿ ತುಂಡಿಗೆ ಬೆಣೆ ಮುಟ್ಟಿದ ಕೂಡಲೇ ಸಿಪ್ಪೆ ಚಟ್ ಅಂತ ಬಿಡುತ್ತದೆ, ತುದಿಯಲ್ಲಿ ನೀರು ಜಿನುಗುತ್ತದೆ, ಆಮೇಲೆ ತುಂಡು ನಿಧಾನ ಬಾಯಿ ತೆರೆಯುತ್ತದೆ. ಒಳಗಿನ ಕೆಂಪು ಛಾಯೆ, ಆ ಹುಳಿ ವಾಸನೆ, ಮಾರ್ಚ್ ಅಂದರೆ ನನಗೆ ಅದೇ. ಕೆಲವರಿಗೆ ಅದರ ಹೊಟ್ಟು ಮತ್ತು ರಸ ತಾಗಿದರೆ ಮೈ ತುರಿಸಿ ಬೊಬ್ಬೆ ಏಳುತ್ತದೆ. ಅಂಥವರು ತುಂಬು ತೋಳಿನ ಅಂಗಿ ಹಾಕಲಿ. ಬೆಂಕಿಗೆ ಅದು ಬೇಗ ಉರಿದು ಹೋಗುವ ಸೌದೆ, ಹಂಡೆ ಒಲೆಗೆ ಪರವಾಗಿಲ್ಲ.

ಹಾಲುವಾಣ ಒಡೆಯುವುದೂ ದಂಡ, ಉರಿಸುವುದೂ ದಂಡ. ನೀರು ತುಂಬಿದ ಸ್ಪಂಜು ಅದು. ನೀಲಗಿರಿ ಹಸಿ ಇದ್ದಾಗ ಮಾತು ಕೇಳುತ್ತದೆ, ಒಣಗಿದ ಮೇಲೆ ಕಬ್ಬಿಣ. ಅಕೇಶಿಯಾ ತಿರುಚು ನಾರಿನದು, ಆದರೆ ಕೆಂಡ ಬಹಳ ಹೊತ್ತು ನಿಲ್ಲುತ್ತದೆ, ಕಷ್ಟಪಟ್ಟದ್ದಕ್ಕೆ ಮೋಸ ಇಲ್ಲ. ಹಲಸಿನ ಬೊಡ್ಡೆ ಒಳ್ಳೆಯದಿದ್ದರೆ ಸೌದೆ ಮಾಡಬೇಡಿ, ಹಲಗೆ ಕೊಯ್ಸಿ. ಕೊಂಬೆಯ ತುಂಡಾದರೆ ಬೆಣೆಗೆ ಮೇಣ ಅಂಟುತ್ತದೆ, ಶುರು ಮಾಡುವ ಮುಂಚೆ ಸ್ವಲ್ಪ ಎಣ್ಣೆ ಸವರಿ. ಗೋಣಿ, ಅತ್ತಿ, ಬಸರಿ ಜಾತಿಯವುಗಳಲ್ಲಿ ನಾರು ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಬೆಣೆ ಪೂರ್ತಿ ಹೋದ ಮೇಲೂ ಎರಡು ಹೋಳು ನಾರಿನಲ್ಲಿ ನೇತಾಡುತ್ತಿರುತ್ತವೆ, ಪಕ್ಕದಲ್ಲಿ ಕತ್ತಿ ಇಟ್ಟುಕೊಳ್ಳಿ.

ಗಂಟಿರುವ ತುಂಡನ್ನು ಯಾವ ತುದಿಯಿಂದ ಕೊಡುವುದು ಅಂತ ಕೇಳುತ್ತಾರೆ. ಗಂಟು ಬೆಣೆಯಿಂದ ದೂರ ಇರುವ ಹಾಗೆ ಇಡಿ. ಒಳ್ಳೆಯ ಕಡೆಯಿಂದ ಶುರುವಾದ ಸೀಳು ಗಂಟನ್ನು ತಲುಪುವ ಹೊತ್ತಿಗೆ ಅರ್ಧ ಕೆಲಸ ಆಗಿರುತ್ತದೆ.

ಹಸಿ ಇರುವಾಗಲೇ ಸೀಳಬೇಕಾ, ಒಣಗಿದ ಮೇಲಾ?

ಹಸಿ ಇರುವಾಗಲೇ. ಮಿಷನ್ ಯಾವುದು ಎನ್ನುವುದಕ್ಕಿಂತ ಈ ಪ್ರಶ್ನೆ ದೊಡ್ಡದು. ಸಿಪ್ಪೆ ಇರುವ ಇಡೀ ದಿಮ್ಮಿಯಿಂದ ನೀರು ಹೊರಗೆ ಬರುವುದೇ ಕಷ್ಟ, ಎರಡು ತುದಿಯಿಂದ ಮಾತ್ರ ಬರಬೇಕು. ಸೀಳಿದ ಕೂಡಲೇ ಉದ್ದಕ್ಕೂ ಬಾಗಿಲು ತೆರೆದ ಹಾಗೆ. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಚೆನ್ನಾಗಿ ಉರಿಯಲು ಅದು ನೂರಕ್ಕೆ ಇಪ್ಪತ್ತಕ್ಕಿಂತ ಕೆಳಗೆ ಬರಬೇಕು. ಇಲ್ಲದಿದ್ದರೆ ಬೆಂಕಿಯ ಕಾವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಹೋಗಿ, ನಿಮಗೆ ಸಿಗುವುದು ಹೊಗೆ ಮಾತ್ರ.

ನಮಗೆ ಸಿಗುವ ಬಿಸಿಲು ಮಾರ್ಚ್, ಏಪ್ರಿಲ್, ಮೇ. ಅದರಲ್ಲೂ ಕಾಫಿ ಹೂ ಅರಳಿಸುವ ಹೂಮಳೆ ನಡುವೆ ಒಂದೆರಡು ಸಲ ಬಂದು ಹೋಗುತ್ತದೆ. ಜೂನ್ ಮೊದಲ ವಾರದ ಮೇಲೆ ಭಾಗಮಂಡಲ ಕಡೆಯವರು ಒಣಗಿಸುವ ಮಾತೇ ಆಡಬೇಡಿ. ಆದ್ದರಿಂದ ಮರಗಸಿ ಆದ ಹದಿನೈದು ದಿನದೊಳಗೆ ಸೀಳಿ ಮುಗಿಸಬೇಕು. ಸಿಲ್ವರ್ ಓಕ್ ಅದೇ ವರ್ಷದ ಮಳೆಗಾಲಕ್ಕೆ ಒದಗುತ್ತದೆ. ಗಟ್ಟಿ ಮರ ಬರುವ ವರ್ಷಕ್ಕೆ ಅಂತ ಬೇರೆ ಒಟ್ಟಿ.

ಒಣಗಿದೆಯಾ ಅಂತ ಗೊತ್ತಾಗಲು ಒಂದು ಸೀಳಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ ವಾರಕ್ಕೊಮ್ಮೆ ಕಾಫಿ ತೂಗುವ ತಕ್ಕಡಿಯಲ್ಲಿ ತೂಗಿ. ತೂಕ ಇಳಿಯುವುದು ನಿಂತಿತು ಅಂದರೆ ಒಣಗಿದೆ. ಎರಡು ಸೀಳನ್ನು ಒಂದಕ್ಕೊಂದು ಬಡಿದರೆ ಬರುವ ಸದ್ದೂ ಸಾಕು.

ತುಂಡು ಎಷ್ಟು ಉದ್ದ ಇರಬೇಕು?

ನಿಮ್ಮ ಒಲೆ ಕೇಳಿ. ನಮ್ಮ ಹಂಡೆ ಒಲೆಗೆ ಒಂದೂಕಾಲು ಅಡಿ ಸಾಕು, ಬಾಯಿ ಹೊರಗೆ ಸೌದೆ ಚಾಚಿಕೊಂಡಿರುವುದಿಲ್ಲ. ಮಿಷನ್ ಒಂದು ಅಡಿ ಎಂಟು ಇಂಚಿನವರೆಗೆ ಹಿಡಿದರೂ ಗಿಡ್ಡ ತುಂಡು ಸುಲಭವಾಗಿ ಸೀಳುತ್ತದೆ. ಪವರ್ ಸಾ ಬಾರಿನ ಮೇಲೆ ಬಣ್ಣದ ಗೆರೆ ಹಾಕಿಕೊಂಡರೆ ಎಲ್ಲವೂ ಒಂದೇ ಅಳತೆಗೆ ಬರುತ್ತವೆ. ತುದಿ ಓರೆ ಕೊಯ್ಯಬೇಡಿ, ಓರೆ ತುಂಡು ಮಿಷನ್ ಮೇಲೆ ಜಾರುತ್ತದೆ.

ಮಳೆಗಾಲದಲ್ಲಿ ಎಲ್ಲಿ ಇಡುವುದು?

ನೆಲದಿಂದ ಒಂದಡಿ ಮೇಲೆ, ಎರಡು ಕಡೆ ಗಾಳಿ ಆಡುವ ಹಾಗೆ, ಮೇಲೆ ಮಾತ್ರ ಶೀಟ್. ನಾಲ್ಕೂ ಕಡೆ ಟಾರ್ಪಾಲಿನಲ್ಲಿ ಸುತ್ತಿಟ್ಟರೆ ಒಳಗೇ ಬೆವತು ಅಣಬೆ ಬರುತ್ತದೆ. ವಾರಕ್ಕೆ ಬೇಕಾದಷ್ಟನ್ನು ಬಚ್ಚಲ ಒಲೆಯ ಮೇಲಿನ ಅಟ್ಟಕ್ಕೆ ಹಾಕಿ. ನಮ್ಮ ಅಜ್ಜಿ ಮಳೆ ಜೋರಾಗಿರುವ ಕಕ್ಕಡ ತಿಂಗಳಿಗೆ ಅಂತಲೇ ಒಂದು ಸಾಲು ಬೇರೆ ಇಡುತ್ತಿದ್ದರು, ಮುಟ್ಟಿದರೆ ಬೈಗುಳ. ಅದರ ಬೆಲೆ ಗೊತ್ತಾಗಿದ್ದು 2018ರ ಆಗಸ್ಟಿನಲ್ಲಿ. ಗುಡ್ಡ ಕುಸಿದು ರಸ್ತೆ ಮುಚ್ಚಿ, ಕರೆಂಟ್ ಇಲ್ಲ, ಗ್ಯಾಸ್ ಸಿಲಿಂಡರ್ ಬರುವ ಹಾಗಿಲ್ಲ. ಅಟ್ಟದ ಮೇಲಿನ ಸೌದೆಯಲ್ಲೇ ಗಂಜಿ ಬೆಂದಿತು.

ಒಟ್ಟಿದ ಸೌದೆಗೆ ಬರಿಗೈ ಹಾಕಬೇಡಿ. ಮೊದಲು ಕೋಲಿನಲ್ಲಿ ತಟ್ಟಿ. ಮಂಡಲದ ಹಾವಿಗೂ ಚೇಳಿಗೂ ಬೆಚ್ಚಗಿನ ಒಣ ಜಾಗ ಅಂದರೆ ಇಷ್ಟ.

ಅಂಗಡಿಯಲ್ಲಿ ಏನೇನು ನೋಡಬೇಕು?

ನಿಮ್ಮದೇ ಒಂದು ಕೆಟ್ಟ ತುಂಡನ್ನು ಜೊತೆಗೆ ಒಯ್ಯಿರಿ. ಡೆಮೊಗೆ ಅವರು ಇಟ್ಟುಕೊಂಡಿರುವ ತುಂಡು ಬೆಣ್ಣೆಯ ಹಾಗೆ ಸೀಳುತ್ತದೆ, ಅದಕ್ಕೇ ಅದನ್ನು ಇಟ್ಟಿರುತ್ತಾರೆ.

ಎರಡು ಕೈಯಲ್ಲೂ ಒಟ್ಟಿಗೆ ಹಿಡಿದರೆ ಮಾತ್ರ ಓಡುವ ಲಿವರ್ ಇದೆಯಾ ನೋಡಿ. ಒಂದು ಕೈ ಬಿಟ್ಟ ಕೂಡಲೇ ಬೆಣೆ ನಿಲ್ಲಬೇಕು. ಉದ್ದನೆಯ ಕಬ್ಬಿಣದ ತೊಲೆ ಬಗ್ಗಿದೆಯಾ, ಬೆಣೆಯ ವೆಲ್ಡಿಂಗ್ ಎರಡೂ ಕಡೆ ಪೂರ್ತಿ ಇದೆಯಾ ಅಂತ ಕೈಯಾಡಿಸಿ. ಆಮೇಲೆ ಮುಖ್ಯ ಪ್ರಶ್ನೆ: ಸಿಲಿಂಡರಿನ ಸೀಲ್ ಕಿಟ್, ಅಂದರೆ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆಗಳು, ಎಲ್ಲಿ ಸಿಗುತ್ತದೆ? ಜೆಸಿಬಿ ರಿಪೇರಿ ಮಾಡುವವರ ಹತ್ತಿರ ಹೊಂದುವ ಅಳತೆ ಸಿಕ್ಕಿದರೆ ಒಳ್ಳೆಯದು. ಆನ್‌ಲೈನಿನಲ್ಲಿ ತರಿಸಿದ ಹೆಸರಿಲ್ಲದ ಮಿಷನ್‌ಗೆ ಹತ್ತು ರೂಪಾಯಿಯ ರಬ್ಬರ್ ಸಿಗದೆ ಇಡೀ ಮಳೆಗಾಲ ಮೂಲೆಯಲ್ಲಿ ಕೂತದ್ದು ಉಂಟು.

ನಾಲ್ಕು ಮನೆಯವರು ಸೇರಿ ಒಂದು ತಗೊಂಡರೆ?

ಲೆಕ್ಕಕ್ಕೆ ಬಹಳ ಸರಿ, ಎರಡು ಲೋಡಿನ ಮನೆಗೆ ಮಿಷನ್ ವರ್ಷಕ್ಕೆ ಮೂರು ನಾಲ್ಕು ದಿನ ಮಾತ್ರ ಬೇಕು. ಗಲಾಟೆ ಬರುವುದು ಬೇರೆ ಕಡೆಯಿಂದ: ಎಲ್ಲರಿಗೂ ಬೇಕಾಗುವುದು ಅದೇ ಏಪ್ರಿಲ್ ತಿಂಗಳಲ್ಲೇ. ನಾವು ಮೂರು ಮನೆಯವರು ಮಾಡಿಕೊಂಡ ವ್ಯವಸ್ಥೆ ಹೀಗಿದೆ. ಮಿಷನ್ ಒಂದೇ ಮನೆಯಲ್ಲಿ ನಿಲ್ಲುತ್ತದೆ. ತುಂಡುಗಳು ಮಿಷನ್ ಇರುವಲ್ಲಿಗೆ ಪಿಕಪ್‌ನಲ್ಲಿ ಬರುತ್ತವೆ, ಮಿಷನ್ ಎಲ್ಲೂ ಹೋಗುವುದಿಲ್ಲ. ಓಡಿಸುವವನು ಒಬ್ಬನೇ. ಎಣ್ಣೆ ಖರ್ಚು ಲೋಡಿನ ಲೆಕ್ಕದಲ್ಲಿ. ಇದನ್ನು ಒಂದು ಪುಸ್ತಕದಲ್ಲಿ ಬರೆಯುತ್ತೇವೆ. ಬಂಧುಗಳೇ ಆದ್ದರಿಂದ ಬರೆಯುತ್ತೇವೆ.

ನಮ್ಮದು ಹೋಂಸ್ಟೇ, ದಿನಾ ಕ್ಯಾಂಪ್‌ಫೈರ್. ಯಾವುದು ಸರಿ?

8ರಿಂದ 10 ಟನ್, ನೆಟ್ಟಗೆ ನಿಲ್ಲುವ ಕರೆಂಟಿನದು. ನೀವು ಸೌದೆಯನ್ನು ಕೊಂಡು ತರುವವರಾದರೆ ಸೀಳಿದ್ದನ್ನೇ ಕೊಳ್ಳುವುದಕ್ಕೂ ದಿಮ್ಮಿ ಕೊಳ್ಳುವುದಕ್ಕೂ ಬೆಲೆಯಲ್ಲಿ ಎಷ್ಟು ವ್ಯತ್ಯಾಸ ಇದೆ ನೋಡಿ, ಮಿಷನ್ ದುಡ್ಡು ಎಷ್ಟು ಲೋಡಿಗೆ ವಾಪಸ್ ಬರುತ್ತದೆ ಅಂತ ಗೊತ್ತಾಗುತ್ತದೆ. ಅತಿಥಿಗಳ ಕೈಗೆ ಮಾತ್ರ ಮಿಷನ್ ಕೊಡಬೇಡಿ, ರೀಲ್ಸ್ ಮಾಡುತ್ತೇನೆ ಅಂತ ಬಂದೇ ಬರುತ್ತಾರೆ.

ಮಿಷನ್ ನೋಡಿಕೊಳ್ಳುವುದು ಹೇಗೆ?

ಸಣ್ಣ ಕರೆಂಟ್ ಮಿಷನ್‌ಗಳಲ್ಲಿ ಎಣ್ಣೆ ಟ್ಯಾಂಕಿನ ಹತ್ತಿರ ಗಾಳಿ ಬಿಡುವ ಒಂದು ಸ್ಕ್ರೂ ಇರುತ್ತದೆ. ಓಡಿಸುವ ಮುಂಚೆ ಅದನ್ನು ಎರಡು ಮೂರು ಸುತ್ತು ಸಡಿಲ ಮಾಡಬೇಕು, ಕೆಲಸ ಮುಗಿದ ಮೇಲೆ ಬಿಗಿ ಮಾಡಬೇಕು. ಮರೆತು ಓಡಿಸಿದರೆ ಒಳಗಿನ ಗಾಳಿ ಬಿಸಿಯಾಗಿ ಸೀಲ್ ಹಾರಿಹೋಗುತ್ತದೆ. ನನ್ನ ಮಿಷನ್ ಮೇಲೆ ಕೆಂಪು ಬಣ್ಣದಲ್ಲಿ "ಸ್ಕ್ರೂ?" ಅಂತ ಬರೆದಿದ್ದೇನೆ.

ಮಿಷನ್ ಜೊತೆ ಬಂದ ಪುಸ್ತಕದಲ್ಲಿ ಹೇಳಿದ ನಂಬರಿನ ಎಣ್ಣೆಯನ್ನೇ ಹಾಕಿ. ನಮ್ಮ ತೇವದಲ್ಲಿ ಟ್ಯಾಂಕಿನೊಳಗೆ ನೀರು ಸೇರುತ್ತದೆ. ಎಣ್ಣೆ ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಪೂರ್ತಿ ಬದಲಾಯಿಸಿ. ಮಳೆಗಾಲಕ್ಕೆ ಮುಂಚೆ ಸಿಲಿಂಡರಿನ ಹೊಳೆಯುವ ಕೋಲನ್ನು ಪೂರ್ತಿ ಒಳಗೆ ಎಳೆದಿಡಿ. ಹೊರಗೆ ಬಿಟ್ಟರೆ ತುಕ್ಕು ಚುಕ್ಕಿ ಬಂದು ಅದೇ ಸೀಲನ್ನು ಹರಿಯುತ್ತದೆ.

ಹೋಸಿನಲ್ಲಿ ಎಣ್ಣೆ ಸೋರುತ್ತಿದೆ ಅನ್ನಿಸಿದರೆ ಬೆರಳಿಟ್ಟು ಹುಡುಕಬೇಡಿ. ಆ ಒತ್ತಡದಲ್ಲಿ ಸೂಜಿ ತೂತಿನಿಂದ ಬರುವ ಎಣ್ಣೆ ಚರ್ಮದೊಳಗೇ ನುಗ್ಗುತ್ತದೆ. ಹೊರಗೆ ಸಣ್ಣ ಚುಕ್ಕಿ ಅಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು. ಒಂದು ರಟ್ಟಿನ ತುಂಡು ಹಿಡಿದು ನೋಡಿ.

ಇಬ್ಬರು ಸೇರಿ ಕೆಲಸ ಮಾಡಿದರೆ ಬೇಗ ಆಗುತ್ತದಲ್ವಾ?

ಒಬ್ಬ ತುಂಡು ಇಡುವುದು, ಇನ್ನೊಬ್ಬ ಲಿವರ್ ಎಳೆಯುವುದು ಬೇಡವೇ ಬೇಡ. ಬೆರಳು ಹೋಗುವುದು ಹಾಗೇ. ಇಡುವವನೇ ಎಳೆಯಬೇಕು. ಇನ್ನೊಬ್ಬ ದೂರದಿಂದ ತುಂಡು ತಂದು ಕೊಡಲಿ, ಸೀಳಿದ್ದನ್ನು ಒಟ್ಟಲಿ. ಕಣ್ಣಿಗೆ ಕನ್ನಡಕ, ಕಾಲಿಗೆ ಗಟ್ಟಿ ಬೂಟು.

ಸೌದೆ ಮಾಡಲು ಅರಣ್ಯ ಇಲಾಖೆಯ ಪರವಾನಗಿ ಬೇಕಾ?

ಮಿಷನ್‌ಗೆ ಬೇಡ, ಮರಕ್ಕೆ ಬೇಕಾಗಬಹುದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಜಾಗದ ಮರ ಕಡಿಯಲೂ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ಗಾಳಿ ಮರ, ರಬ್ಬರ್, ಗ್ಲಿರಿಸಿಡಿಯಾ, ಹಾಲುವಾಣದಂಥ ಕೆಲವಕ್ಕೆ ವಿನಾಯಿತಿ ಇದೆ. ಬೀಟೆ, ತೇಗ, ಗಂಧ ಗಾಳಿಗೆ ಬಿದ್ದದ್ದೇ ಆದರೂ ರೇಂಜ್ ಆಫೀಸಿಗೆ ತಿಳಿಸದೆ ಮುಟ್ಟಬೇಡಿ. ಸೌದೆಯನ್ನು ಹೊರಗೆ ಸಾಗಿಸುವುದಾದರೆ ಅಲ್ಲೇ ವಿಚಾರಿಸಿಕೊಳ್ಳಿ.

ನನಗೆ ಅರವತ್ತೆಂಟು. ಸೊಂಟ ನೋವು. ನಾನೊಬ್ಬನೇ ಓಡಿಸಬಹುದಾ?

ಓಡಿಸಬಹುದು, ಮಿಷನ್ ಸೊಂಟದ ಎತ್ತರಕ್ಕೆ ಇದ್ದರೆ. ಅಡ್ಡ ಮಾದರಿಯವು ನೆಲದ ಮೇಲೆ ಕೂರುವಂಥವು, ಗಂಟೆಗಟ್ಟಲೆ ಬಗ್ಗಿದರೆ ಸೊಂಟದ ಕಥೆ ಮುಗಿಯಿತು. ಎರಡು ಸಿಮೆಂಟ್ ಇಟ್ಟಿಗೆ ಸಾಲು ಕಟ್ಟಿಸಿ ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿ. ಭಾರದ ತುಂಡನ್ನು ಎತ್ತಬೇಡಿ, ಒಂದು ಹಲಗೆ ಓರೆ ಇಟ್ಟು ಉರುಳಿಸಿ. ದಿನಕ್ಕೆ ಒಂದು ಗಂಟೆ, ಬೆಳಗಿನ ಕಾಫಿ ಆದ ಮೇಲೆ. ಮನೆಯಲ್ಲಿ ಇನ್ನೊಬ್ಬರು ಇರುವಾಗ ಮಾತ್ರ.

ಕೈಲ್ ಪೊಳ್ದ್‌ಗೆ ಮಿಷನ್‌ಗೂ ಪೂಜೆ ಮಾಡಬೇಕಾ?

ಇದನ್ನು ನಿಜವಾಗಿ ಕೇಳಿದ್ದಾರೆ, ಅದೂ ಒಬ್ಬ ಇಂಜಿನಿಯರ್ ಹುಡುಗ. ಕೈಲ್ ಪೊಳ್ದ್ ಅಂದರೆ ಕೊಡಗಿನ ಆಯುಧ ಪೂಜೆಯ ಹಬ್ಬ. ನಮ್ಮಲ್ಲಿ ಕೋವಿ, ಕತ್ತಿ, ಕೊಡಲಿ ಎಲ್ಲ ತೊಳೆದು ಇಟ್ಟು ಗಂಧ ಹಚ್ಚಿ ತೋಕ್ ಪೂ ಎನ್ನುವ ಹೂ ಇಡುತ್ತೇವೆ. ಮಿಷನ್ ಎತ್ತಿ ತರಲು ಆಗುವುದಿಲ್ಲ, ಆದ್ದರಿಂದ ಒಂದು ಹೂ ಕೊಟ್ಟಿಗೆಗೆ ಹೋಗುತ್ತದೆ. ಹೂ ಇಡುವಾಗ ಹಾಗೇ ಗಾಳಿ ಸ್ಕ್ರೂ ಬಿಗಿ ಇದೆಯಾ ಅಂತಲೂ ನೋಡಿಕೊಂಡು ಬರುತ್ತೇನೆ.